ತೆರೆದಿಟ್ಟ ಬಾಗಿಲು

ಸೇಡಂ ತಾಲ್ಲೂಕಿನ ಆಡಕಿಯಲ್ಲಿ ನಮ್ಮ ಹಿರಿಯರ ಮನೆಯಿದೆ. ಅದರ ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆಗೆ ಹೊದಿಸಿದ್ದೂ ಹಾಸುಗಲ್ಲು. ಶಹಾಬಾದಿನ ಕಲ್ಲಿಗೆ ಹೆಸರಾದ ಸೀಮೆಯಲ್ಲಿ ಇದೇನೂ ವಿಶೇಷವಲ್ಲ. ಆ ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದು ಅಜ್ಜಿಯ ಮನಸ್ಸೆಂದು ನಮ್ಮ ತಂದೆಯವರು ನಗೆಯಾಡುತ್ತಿದ್ದರು.

ಸುಮಾರು 25 ವರ್ಷಗಳ ಹಿಂದೆ, ನಾನಿನ್ನೂ ಹತ್ತು ಹನ್ನೊಂದರ ಹುಡುಗನಾಗಿದ್ದಾಗ, ಅಜ್ಜಿಯ ಕಾಲಿಗೆ ಮಧುಮೇಹದ ಹುಣ್ಣಾಯಿತು. ಸೇಡಮಿನಿಂದ ಒಬ್ಬ ದಾದಿ ದಿನ ಬಿಟ್ಟು ದಿನ ಬಸ್ಸಿನಲ್ಲಿ ಬಂದು, ಗಾಯವನ್ನು ತೊಳೆದು ಪಟ್ಟಿ ಕಟ್ಟಿ ಹೋಗುತ್ತಿದ್ದರು. ಆಕೆ ಕ್ರೈಸ್ತರು. ಆಕೆಯ ಹಿರಿಯರು ಒಂದಾನೊಂದು ಕಾಲದಲ್ಲಿ ಊರ ಹೊರಗಿನ ಕೇರಿಯಲ್ಲಿದ್ದವರೆಂಬ ಸಂಗತಿ ಅಜ್ಜಿಗೆ ಮೊದಲ ದಿನವೇ ತಿಳಿದುಹೋಯಿತು. ಅಂದಿನಿಂದ ಪಡಸಾಲೆಯ ಹೊರಗೋಡೆಯ ಗೂಡಿನಲ್ಲಿ ಒಂದು ಹಳೆಯ ಗಿಂಡಿ ಬಂದು ಕುಳಿತಿತು. ದಾದಿಗೆ ನೀರು ಕೊಡುವುದಿದ್ದರೆ ಅದರಲ್ಲಿಯೇ. ತನ್ನ ಕಾಲನ್ನು ಮುಟ್ಟಲು ಬಿಡುತ್ತಿದ್ದ ಅಜ್ಜಿ ತನ್ನ ಚರಿಗೆಯನ್ನು ಮುಟ್ಟಲು ಬಿಡುತ್ತಿರಲಿಲ್ಲ.

ತಂದೆಯವರು ಶಾಲಾ ಉಪಾಧ್ಯಾಯರು. ಈ ಗಿಂಡಿಯ ವಿಷಯವಾಗಿ ಅವರಿಗೂ ಅಜ್ಜಿಗೂ ನಡೆದ ವಾದಗಳನ್ನು ನಾನು ಕಂಬಕ್ಕೊರಗಿ ಕುಳಿತು ಕೇಳಿದ್ದೇನೆ. ಶರಣರ ಮಾತು, ದೇಶದ ಕಾನೂನು, ಮನುಷ್ಯತ್ವ, ಹೀಗೆ ತಂದೆಯವರು ಒಂದೊಂದಾಗಿ ಮುಂದಿಡುತ್ತಿದ್ದರು. ಅಜ್ಜಿ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. "ಬಸವಣ್ಣ ಏನ್ ಹೇಳ್ಯಾನ ಅಂಬೋದು ನಿನಗಿಂತ ಮೊದಲ ನನಗ ಗೊತ್ತದ" ಎಂದು ಆಕೆ ಹೇಳಿದ ಮೇಲೆ ತಂದೆಯವರು ಎದ್ದು ಹೊರಗೆ ಹೋಗುತ್ತಿದ್ದರು. ಮಾತಿನಲ್ಲಿ ಯಾರು ಗೆದ್ದರೂ ಗಿಂಡಿ ಮಾತ್ರ ಗೂಡಿನಲ್ಲಿಯೇ ಇರುತ್ತಿತ್ತು.

ಆ ದಾದಿ ಎಂದೂ ಈ ವಿಷಯವನ್ನು ಎತ್ತಲಿಲ್ಲ. ತಮಗೆ ಕೊಟ್ಟ ಗಿಂಡಿಯಿಂದ ನೀರು ಕುಡಿದು, ಅದನ್ನು ತೊಳೆದು, ಮತ್ತೆ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಮುಂದೇನಾಯಿತೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಓದುಗರನ್ನು ಇನ್ನೊಬ್ಬ ಹೆಣ್ಣುಮಗಳ ಬಳಿಗೆ ಕರೆದೊಯ್ಯಬೇಕಾಗಿದೆ. ಆಕೆ ಕನ್ನಡ ನೆಲದಲ್ಲಿ ಹುಟ್ಟಿದವರು. ಬಾಳಿನ ಕೊನೆಯ ಹತ್ತು ವರ್ಷಗಳಲ್ಲಿ ನಮ್ಮ ಕಲಬುರಗಿಯ ಹೆಣ್ಣುಮಕ್ಕಳನ್ನೂ ನೆನೆದವರು. ವಾದವೆಂದರೇನು, ಒಲವೆಂದರೇನು, ಮನುಷ್ಯನ ಹೃದಯ ಯಾವುದಕ್ಕೆ ಬಾಗುತ್ತದೆ ಎಂಬ ಪ್ರಶ್ನೆಗೆ ಅವರ ಬಾಳೇ ಒಂದು ದೀರ್ಘವಾದ ಉತ್ತರ. ಅವರೇ ಪಂಡಿತಾ ರಮಾಬಾಯಿ.

ವಾದದ ಮನೆತನ

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ ಭದ್ರೆಯರು ಹುಟ್ಟುವ ನೆಲವದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದ ಕಡೆಯವರು, ಸಂಸ್ಕೃತದಲ್ಲಿ ಘನ ವಿದ್ವಾಂಸರು. ಹೆಂಗಸರು ಸಂಸ್ಕೃತ ಕಲಿತರೆ ಕೆಡುಕೇನೆಂದು ಅವರಿಗೆ ತಿಳಿಯಲಿಲ್ಲ. ಪರರಿಗೆ ಬೋಧಿಸುವ ಮೊದಲು ಮನೆಯಲ್ಲಿಯೇ ಮಾಡಿ ನೋಡೋಣವೆಂದು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ನೆರೆಹೊರೆಯ ಪಂಡಿತರು ಇದನ್ನು ಸಹಿಸಲಿಲ್ಲ. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ತಮ್ಮ ನಡತೆ ಶಾಸ್ತ್ರಕ್ಕೆ ವಿರುದ್ಧವಲ್ಲವೆಂದು ಅವರು ಪ್ರಮಾಣಸಹಿತವಾಗಿ ತೋರಿಸಬೇಕಾಯಿತು. ವಾದದಲ್ಲಿ ಅವರು ಸೋಲಲಿಲ್ಲ. ಆದರೆ ಆ ಕಾರಣದಿಂದ ತಂತಮ್ಮ ಹೆಣ್ಣುಮಕ್ಕಳ ಕೈಗೆ ಪುಸ್ತಕ ಕೊಟ್ಟ ಪಂಡಿತರು ಎಷ್ಟು ಮಂದಿ ಇದ್ದಾರು!

ಆ ಲಕ್ಷ್ಮೀಬಾಯಿಯೇ ರಮಾಬಾಯಿಗೆ ಮೊದಲ ಗುರು. ಮನೆಗೆಲಸ ಮೊದಲಾಗುವುದಕ್ಕೆ ಮುಂಚೆ, ನಸುಕಿನ ಮಬ್ಬಿನಲ್ಲಿ ಪಾಠ ನಡೆಯುತ್ತಿತ್ತು. 18,000 ಶ್ಲೋಕಗಳ ಭಾಗವತ ಎಳೆಯ ವಯಸ್ಸಿನಲ್ಲಿಯೇ ಮಗಳಿಗೆ ಬಾಯಿಪಾಠವಾಯಿತು. ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ ಪುರಾಣ ಹೇಳಿ ಜೀವಿಸುತ್ತಿತ್ತು. ಆ ಅಲೆದಾಟದಲ್ಲಿ ರಮಾಬಾಯಿಗೆ ಮರಾಠಿಯೊಡನೆ ಕನ್ನಡ, ಹಿಂದಿ, ಬಂಗಾಳಿಗಳೂ ಬಂದವು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾಬಾಯಿ. ಇಬ್ಬರೂ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು.

ಅಲ್ಲಿಯ ವಿದ್ವಾಂಸರು ಈ ಇಪ್ಪತ್ತರ ತರುಣಿಯನ್ನು ಪರೀಕ್ಷಿಸಿದರು. ಪ್ರಶ್ನೆಗೆ ಪ್ರತಿಪ್ರಶ್ನೆ, ಶ್ಲೋಕಕ್ಕೆ ಶ್ಲೋಕ. 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳು ಬಂದವು. ಅಣ್ಣ 1880ರಲ್ಲಿ ತೀರಿಕೊಂಡನು. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ದಾಸ್ ಎಂಬ ಬಂಗಾಳಿ ವಕೀಲರನ್ನು, ಜಾತಿಯ ಕಟ್ಟನ್ನು ಮುರಿದು, ವಿವಾಹವಾದರು. 1882ರಲ್ಲಿ ಪತಿಯನ್ನು ವಾಂತಿಭೇದಿ ಒಯ್ದಿತು. ತೊಡೆಯ ಮೇಲೆ ಒಂದು ವರ್ಷವೂ ತುಂಬದ ಮಗಳು ಮನೋರಮಾ. ಇಪ್ಪತ್ತಮೂರರ ವಿಧವೆ ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು, ಮರುವರ್ಷ ಇಂಗ್ಲೆಂಡಿಗೆ ಹಡಗು ಹತ್ತಿದರು. ವೈದ್ಯವಿದ್ಯೆ ಕಲಿಯಬೇಕೆಂಬುದು ಆಗಿನ ಆಸೆ. ಧರ್ಮವನ್ನು ಬದಲಿಸುವ ಎಣಿಕೆ ಮನಸ್ಸಿನಲ್ಲಿರಲಿಲ್ಲ.

ಬಾವಿಯ ಬಳಿಯ ಕಥೆ

ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಂನ್ಯಾಸಿನಿಯರ ಮಠವಿತ್ತು. ರಮಾಬಾಯಿ ಅಲ್ಲಿ ಇಳಿದುಕೊಂಡರು. ಮಠದವರಿಗೆ ಲಂಡನ್ನಿನ ಫುಲ್ಹಮ್ ಎಂಬಲ್ಲಿ ಇನ್ನೊಂದು ಶಾಖೆ. ಅಲ್ಲಿಗೆ ಒಮ್ಮೆ ಅತಿಥಿಯಾಗಿ ಹೋದಾಗ ಕಂಡುದನ್ನು ರಮಾಬಾಯಿ ಬಾಳಿಡೀ ಮರೆಯಲಿಲ್ಲ.

ಸಮಾಜವು 'ಬಿದ್ದವರು' ಎಂದು ಕರೆದು ಬೀದಿಗೆ ಬಿಟ್ಟ ಹೆಂಗಸರನ್ನು ಅಲ್ಲಿಯ ಸಂನ್ಯಾಸಿನಿಯರು ಮನೆಯೊಳಗೆ ಇರಿಸಿಕೊಂಡಿದ್ದರು. ಅವರಲ್ಲಿ ಕೆಲವರು ಎಷ್ಟು ಮಾರ್ಪಟ್ಟಿದ್ದರೆಂದರೆ, ತಾವೇ ರೋಗಿಗಳ ಮತ್ತು ದುರ್ಬಲರ ಸೇವೆಗೆ ನಿಂತಿದ್ದರು. ಇಂಥ ಹೆಂಗಸರನ್ನು ದೂರವಿಡಬೇಕು, ಅವರ ನೆರಳೂ ಸೋಕಬಾರದು ಎಂಬುದನ್ನೇ ಕೇಳಿ ಬೆಳೆದ ರಮಾಬಾಯಿಗೆ ಇದು ವಿಸ್ಮಯ. ಇವರನ್ನು ಎತ್ತಿಕೊಳ್ಳುವಂತೆ ನಿಮ್ಮನ್ನು ಪ್ರೇರಿಸುವುದೇನು ಎಂದು ಅವರು ತಮಗೆ ಪಾಠ ಹೇಳುತ್ತಿದ್ದ ಸಂನ್ಯಾಸಿನಿಯನ್ನು ಕೇಳಿದರು. ಆಕೆ ತತ್ತ್ವಶಾಸ್ತ್ರವನ್ನು ಬಿಚ್ಚಲಿಲ್ಲ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೆಗೆದು ಓದಿದರು.

ಅದು ಬಾವಿಯ ಬಳಿಯ ಕಥೆ. ನಡುಹಗಲು. ದಾರಿ ನಡೆದು ದಣಿದ ಯೇಸು ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದಾನೆ. ನೀರು ಸೇದಲು ಬಂದವಳು ಸಮಾರ್ಯದ ಹೆಂಗಸು. ಯೆಹೂದ್ಯರಿಗೂ ಸಮಾರ್ಯದವರಿಗೂ ಕೊಡುಕೊಳ್ಳುವುದಿಲ್ಲ, ಉಣ್ಣುವ ಕುಡಿಯುವ ಸಂಬಂಧವಿಲ್ಲ. ಅದರ ಮೇಲೆ ಆಕೆಯ ಬಾಳು ಊರ ಬಾಯಿಗೆ ಬಿದ್ದ ಬಾಳು. ಆಕೆಯ ತಪ್ಪನ್ನು ಎತ್ತಿ ತೋರುವುದರಿಂದ ಯೇಸು ಮಾತನ್ನು ಮೊದಲು ಮಾಡುವುದಿಲ್ಲ. ಕುಡಿಯಲು ನೀರು ಕೇಳುತ್ತಾನೆ. ಆಕೆಯೇ ಬೆರಗಾಗುತ್ತಾಳೆ. ದೇವರನ್ನು ಯಾವ ಬೆಟ್ಟದ ಮೇಲೆ ಪೂಜಿಸಬೇಕೆಂಬ ಹಳೆಯ ವಾದವನ್ನು ಆಕೆ ಎತ್ತಿದಾಗಲೂ ಯೇಸು ಆ ವಾದದಲ್ಲಿ ಒಂದು ಪಕ್ಷವನ್ನು ಹಿಡಿದು ಜಗ್ಗಾಡುವುದಿಲ್ಲ; ಮಾತನ್ನು ಬೆಟ್ಟದಿಂದ ಹೃದಯಕ್ಕೆ ತರುತ್ತಾನೆ.

ಈ ಕಥೆಯನ್ನು ಕೇಳಿದಾಗ ತನ್ನ ಹೃದಯ ಕ್ರಿಸ್ತನ ಕಡೆಗೆ ಸೆಳೆಯಲ್ಪಟ್ಟಿತೆಂದು ರಮಾಬಾಯಿ 1907ರಲ್ಲಿ ಪ್ರಕಟಿಸಿದ ಆತ್ಮನಿವೇದನೆಯಲ್ಲಿ ಹೇಳಿಕೊಂಡಿದ್ದಾರೆ. ಅವರು ಅಲ್ಲಿ ಕೊಟ್ಟಿರುವ ಅನುಕ್ರಮ ಗಮನಿಸತಕ್ಕದ್ದು. ಮೊದಲು ಸೆಳೆಯಲ್ಪಟ್ಟದ್ದು ಹೃದಯ. ಬುದ್ಧಿಗೆ ಒಪ್ಪಿಗೆಯಾದುದು ನೆಹೆಮಿಯಾ ಗೋರೆ ಎಂಬ ಪಾದ್ರಿಯ ಬರಹದಿಂದ. ಈ ಗೋರೆಯವರು ಕಾಶಿಯಲ್ಲಿ ಬೆಳೆದ ಚಿತ್ಪಾವನ ಪಂಡಿತರು. ಪಾದ್ರಿಗಳನ್ನು ವಾದದಲ್ಲಿ ಸೋಲಿಸಬೇಕೆಂದು ಹೊರಟು 1848ರಲ್ಲಿ ತಾವೇ ಕ್ರೈಸ್ತರಾದವರು, ತರ್ಕದಲ್ಲಿ ಎಣೆಯಿಲ್ಲದವರು. ಅಂಥವರ ತರ್ಕವೂ ಈ ವಿದುಷಿಯ ಬಳಿಗೆ ಬಂದುದು ಎರಡನೆಯದಾಗಿ. ಶ್ಲೋಕಕ್ಕೆ ಶ್ಲೋಕ ಹೇಳಿ ಕಲ್ಕತ್ತೆಯನ್ನು ಗೆದ್ದವರನ್ನು ಗೆದ್ದದ್ದು ಫುಲ್ಹಮಿನ ಹೆಂಗಸರ ಮುಖದ ಮೇಲಿನ ಶಾಂತಿ. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಒಲವು ಮರೆತ ಪತ್ರಗಳು

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಆದರೆ ದೀಕ್ಷೆ ಕೊಟ್ಟ ಕೈಗಳೇ ಆಮೇಲೆ ವಾದಕ್ಕೆ ಇಳಿದವು.

ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ರಮಾಬಾಯಿಗೆ ಧರ್ಮದ ತಾಯಿಯಂತಿದ್ದರು. ರಮಾಬಾಯಿಯ ಮನಸ್ಸು ಮಾತ್ರ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ತ್ರಿತ್ವವೆಂದರೇನು? ಗ್ರಂಥದಲ್ಲಿಲ್ಲದ್ದನ್ನು ಚರ್ಚಿನ ಮಾತೆಂದು ಏಕೆ ಒಪ್ಪಬೇಕು? ಮಾಂಸಾಹಾರವನ್ನು ಅವರು ಮುಟ್ಟಲಿಲ್ಲ, ಸೀರೆಯನ್ನು ಬಿಡಲಿಲ್ಲ. ಗಂಡಸರಿಗೆ ಭಾರತದ ಭಾಷೆಗಳನ್ನು ಕಲಿಸುವ ಮಾತು ಬಂದಾಗ, ಹೆಂಗಸಿಗೆ ಅದು ಒಪ್ಪುವುದಿಲ್ಲವೆಂದು ಬಿಷಪ್ಪರು ಆಕ್ಷೇಪಿಸಿದರು. ಹೆಂಗಸರಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ಉಡುಪಿಯಲ್ಲಿ ಉತ್ತರ ಹೇಳಬೇಕಾದ ತಂದೆಯ ಮಗಳು ಇಂಗ್ಲೆಂಡಿನಲ್ಲಿ ಅದೇ ಬಗೆಯ ಮಾತನ್ನು ಕೇಳಬೇಕಾಯಿತು.

ಆಗ ನಡೆದ ಪತ್ರವ್ಯವಹಾರ 1977ರಲ್ಲಿ ಅಚ್ಚಾಗಿ ಬಂದಿದೆ. ಅದನ್ನು ಓದಿದವರಿಗೆ ಎರಡು ಪಕ್ಷದವರ ಮೇಲೂ ಮರುಕವುಂಟಾಗುತ್ತದೆ. ಜೆರಾಲ್ಡೀನರಿಗೆ ರಮಾಬಾಯಿಯ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಇತ್ತು, ಆಳವಾಗಿಯೇ ಇತ್ತು. ಆದರೆ ಆ ಪ್ರೀತಿಗೆ ತಾಳ್ಮೆ ತಪ್ಪಿತು. ಮಗಳು ತಪ್ಪು ದಾರಿ ಹಿಡಿದಾಳೆಂಬ ಭಯ ಪತ್ರಗಳಲ್ಲಿ ಅಧಿಕಾರದ ದನಿಯಾಗಿ ಹೊರಟಿತು. ವಿಧೇಯಳಾಗು ಎಂದಷ್ಟೂ ರಮಾಬಾಯಿ ಇನ್ನಷ್ಟು ಸೆಟೆದು ನಿಂತರು. ಅದೇ ಹೊತ್ತಿನಲ್ಲಿ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಎಂಬವರು ಇವರ ಸಂಶಯಗಳನ್ನು ಪಾಪವೆಂದು ಬಗೆಯದೆ ಪ್ರಶ್ನೆಗಳೆಂದೇ ಭಾವಿಸಿ ಉತ್ತರಿಸುತ್ತ ಬಂದರು. ಆ ಪತ್ರಗಳಲ್ಲಿ ರಮಾಬಾಯಿಯ ದನಿಯೇ ಬೇರೆ.

ನಮ್ಮ ಮನೆಗಳಲ್ಲಿಯೂ ಇದು ನಡೆಯುವುದಿಲ್ಲವೆ? ಮಗನೋ ಮಗಳೋ ಬೇರೆ ಬಗೆಯಲ್ಲಿ ಯೋಚಿಸಿದಾಗ, ಅವರನ್ನು ಕಳೆದುಕೊಳ್ಳುವ ಭಯದಿಂದಲೇ ನಾವು ವಾದಕ್ಕೆ ನಿಲ್ಲುತ್ತೇವೆ. ವಾದಕ್ಕೆ ನಿಂತುದರಿಂದಲೇ ಅವರನ್ನು ಕಳೆದುಕೊಳ್ಳುತ್ತೇವೆ. ಸುಮಾರು 1,600 ವರ್ಷಗಳ ಹಿಂದೆ ಉತ್ತರ ಆಫ್ರಿಕದ ಮೋನಿಕಾ ಎಂಬ ತಾಯಿಯೂ ಇದೇ ಭಯದಲ್ಲಿದ್ದಳು. ಮಗ ಅಗಸ್ಟೀನ ಮಹಾ ತಾರ್ಕಿಕ. ತಾಯಿಯ ನಂಬಿಕೆಯನ್ನು ತೊರೆದಿದ್ದನು. ತನ್ನ ಮಗನೊಡನೆ ವಾದಿಸಿ ಅವನನ್ನು ತಿದ್ದಬೇಕೆಂದು ಆಕೆ ಒಬ್ಬ ಬಿಷಪ್ಪರನ್ನು ಅಂಗಲಾಚಿ ಬೇಡಿದಳು. ಆತ ಒಪ್ಪಲಿಲ್ಲ, ಸುಮ್ಮನೆ ಬಿಡು, ಪ್ರಾರ್ಥಿಸುತ್ತಿರು ಎಂದು ಕಳುಹಿಸಿದನು. ವರ್ಷಗಳು ಕಳೆದವು. ಕಡೆಗೆ 387ರಲ್ಲಿ ಮಿಲಾನಿನ ಬಿಷಪ್ ಆಂಬ್ರೋಸನಿಂದ ಅಗಸ್ಟೀನ ದೀಕ್ಷೆ ಪಡೆದನು. ಆಂಬ್ರೋಸನನ್ನು ತಾನು ಮೊದಲು ಪ್ರೀತಿಸಿದುದು ಸತ್ಯದ ಬೋಧಕನೆಂದಲ್ಲ, ತನ್ನನ್ನು ದಯೆಯಿಂದ ಕಂಡವನೆಂದು ಎಂಬುದಾಗಿ ಅಗಸ್ಟೀನನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಫುಲ್ಹಮಿನಲ್ಲಿ ರಮಾಬಾಯಿಗೆ ಆದುದಕ್ಕೂ ಇದಕ್ಕೂ ಎಷ್ಟು ಹೋಲಿಕೆ!

ಶಾರದಾ ಸದನದ ಬಾಗಿಲು

1886ರಲ್ಲಿ ಅಮೆರಿಕಕ್ಕೆ ಹೋದ ರಮಾಬಾಯಿ ಅಲ್ಲಿ ಭಾರತದ ವಿಧವೆಯರ ಪರವಾಗಿ ಊರೂರಿನಲ್ಲಿ ಮಾತನಾಡಿದರು. 1887ರಲ್ಲಿ ಬೋಸ್ಟನ್ನಿನಲ್ಲಿ ಅವರ ಕೆಲಸಕ್ಕೆಂದೇ ಒಂದು ಸಂಘ ಹುಟ್ಟಿತು. ಹತ್ತು ವರ್ಷ ಹಣ ಕೊಡಲು ಅದು ಒಪ್ಪಿತು. ಶಾಲೆಯಲ್ಲಿ ಯಾರ ಧರ್ಮಕ್ಕೂ ಕೈಹಾಕಬಾರದೆಂಬುದು ಏರ್ಪಾಡು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಬಾಗಿಲು ತೆರೆಯಿತು. ಮರುವರ್ಷ ಪುಣೆಗೆ ಬಂದಿತು.

ತಾವು ವಾಂಟೇಜಿನಲ್ಲಿ ಅನುಭವಿಸಿದ್ದನ್ನು ರಮಾಬಾಯಿ ಮರೆತಿರಲಿಲ್ಲ. ಸದನದಲ್ಲಿ ಬ್ರಾಹ್ಮಣ ಹುಡುಗಿಯರು ತಮ್ಮ ಮಡಿ ಆಚಾರಗಳನ್ನು ನಡೆಸಿಕೊಳ್ಳಬಹುದಾಗಿತ್ತು. ಅಡುಗೆಯವರೂ ಅವರ ಜಾತಿಯವರೇ. ಯಾರಿಗೂ ಬೈಬಲ್ ಪಾಠವಿರಲಿಲ್ಲ. ಆದರೆ ಮಗಳೊಡನೆ ತಾವು ಪ್ರಾರ್ಥನೆಗೆ ಕುಳಿತಾಗ ಕೋಣೆಯ ಬಾಗಿಲನ್ನು ಅವರು ಮುಚ್ಚುತ್ತಿರಲಿಲ್ಲ. ಬಾ ಎಂದು ಯಾರನ್ನೂ ಕರೆಯಲಿಲ್ಲ, ಬರಬೇಡವೆಂದು ತಡೆಯಲೂ ಇಲ್ಲ. ಮೊದಲು ಒಬ್ಬಳು ಹೊಸ್ತಿಲ ಬಳಿ ಬಂದು ನಿಂತಳು, ಆಮೇಲೆ ಇನ್ನೊಬ್ಬಳು.

ಸಂಸ್ಥೆಯಲ್ಲಿ ದೊಡ್ಡ ಬಿರುಗಾಳಿ ಎದ್ದುದು ಈ ತೆರೆದ ಬಾಗಿಲಿನಿಂದಲೇ. ಬಾಲವಿಧವೆಯರನ್ನು ಕ್ರೈಸ್ತರನ್ನಾಗಿ ಮಾಡುತ್ತಿದ್ದಾರೆಂದು 'ಕೇಸರಿ' ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರರಂಥ ಹಿರಿಯರು ಸಲಹಾ ಸಮಿತಿಯಿಂದ ಹೊರಬಂದರು. ಹಲವು ಪೋಷಕರು ಮಕ್ಕಳನ್ನು ಕರೆದೊಯ್ದರು. ತೆರೆದ ಬಾಗಿಲೂ ಒಂದು ಬಗೆಯ ಆಹ್ವಾನವೇ ಅಲ್ಲವೆ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಅನ್ನ ಕೊಡುವವಳ ಮತವು ಹಸಿದ ಮಗುವಿನ ಕಣ್ಣಿಗೆ ದೊಡ್ಡದಾಗಿಯೇ ಕಾಣುತ್ತದೆ. ಒಲವೂ ಒಂದು ಬಲ. ಬಲವಿದ್ದವರು ಅದನ್ನು ಎಚ್ಚರದಿಂದ ಬಳಸಬೇಕು.

ಆದರೂ ಒಂದು ಸಾಕ್ಷ್ಯವನ್ನು ಇಲ್ಲಿ ಮುಂದಿಡಬೇಕು. ಸದನಕ್ಕೆ ಮೊತ್ತಮೊದಲು ಬಂದ ಬಾಲವಿಧವೆ ಗೋದೂಬಾಯಿ. ರಮಾಬಾಯಿಯ ನೆರಳಿನಲ್ಲಿ ವರ್ಷಗಟ್ಟಲೆ ಇದ್ದರೂ ಆಕೆ ಹಿಂದುವಾಗಿಯೇ ಉಳಿದರು. ಬಿರುಗಾಳಿಯೆದ್ದ ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಕರ್ವೆ ಎಂದು ಹೆಸರಾದರು. ಮುಂದೆ ಮಹಿಳಾ ವಿಶ್ವವಿದ್ಯಾನಿಲಯವನ್ನು ಕಟ್ಟಿ, 1958ರಲ್ಲಿ ಭಾರತರತ್ನರಾದ ಕರ್ವೆಯವರ ಬಾಳಿನ ಜೊತೆಗಾತಿ ಆಕೆ. ಒಳಗೆ ಬರುವವರಿಗೆ ತೆರೆದ ಬಾಗಿಲು ಹೊರಗೆ ಹೋಗುವವರಿಗೂ ತೆರೆದೇ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಹಸಿದವರೊಡನೆ ವಾದವೇ?

1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಿದ್ದಿತು. ಹಸಿವಿನಿಂದ ತಂದೆ ತಾಯಿಗಳನ್ನು ಕಳೆದುಕೊಂಡ ರಮಾಬಾಯಿಗೆ ಕ್ಷಾಮವೆಂಬುದು ಪತ್ರಿಕೆಯ ಸುದ್ದಿಯಲ್ಲ. ತಾವೇ ಹೋಗಿ ಅಲ್ಲಿಯ ಪರಿಹಾರ ಶಿಬಿರಗಳನ್ನು ನೋಡಿ, ಅನಾಥರಾದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗಿನ ಹಾವಳಿ. ಊರೊಳಗೆ ಇಷ್ಟು ಜನರನ್ನು ಇಡಲು ಅಧಿಕಾರಿಗಳು ಒಪ್ಪಲಿಲ್ಲ. ಅವರನ್ನು ಕೇಡಗಾಂವದ ಹೊಲಕ್ಕೆ ಒಯ್ದರು. ನಮ್ಮ ವಾಡಿ ಜಂಕ್ಷನ್ನಿನಿಂದ ಪುಣೆಯ ಕಡೆಗೆ ಹೋಗುವ ರೈಲು ಕಲಬುರಗಿ, ಸೊಲ್ಲಾಪುರ, ದೌಂಡ್ ದಾಟಿದ ಬಳಿಕ ಸಿಕ್ಕುವ ಸಣ್ಣ ನಿಲ್ದಾಣವೇ ಕೇಡಗಾಂವ. ಅಲ್ಲಿ 1898ರಲ್ಲಿ ಎದ್ದುದು ಮುಕ್ತಿ ಸದನ.

ಬಂದ ಮಕ್ಕಳು ಮೂಳೆ ಚಕ್ಕಳಗಳಾಗಿದ್ದರು. ಎಷ್ಟೋ ಮಂದಿಯನ್ನು ಮನುಷ್ಯರ ಮೇಲಿನ ನಂಬಿಕೆಯೇ ಬಿಟ್ಟುಹೋಗಿತ್ತು. ಅಂಥವರಿಗೆ ಯಾವ ಸಿದ್ಧಾಂತವನ್ನು ಹೇಳುವುದು? ಸ್ನಾನ, ಅನ್ನ, ಹೊದಿಕೆ, ಕಾಯುವ ಒಂದು ಕೈ, ಇವೇ ಮೊದಲ ಪಾಠ. ಮೊದಲು ಬಂದ ಹೆಣ್ಣುಮಕ್ಕಳೇ ಆಮೇಲೆ ಬಂದವರಿಗೆ ತಾಯಂದಿರಾದರು. ನೇಯ್ಗೆ, ಹೊಲದ ಕೆಲಸ, ಹೈನು, ಗಾಣ, ಅಚ್ಚುಕೂಟ, ಎಲ್ಲವೂ ಹೆಂಗಸರ ಕೈಯಲ್ಲಿಯೇ ನಡೆಯುತ್ತಿದ್ದವು. ಗುಜರಾತಿನ ಕ್ಷಾಮದ ಬಳಿಕ, 1900ರ ವೇಳೆಗೆ, ಸುಮಾರು 2,000 ಜನ ಅಲ್ಲಿದ್ದರು. ಕುರುಡರಿಗೆ ಬ್ರೈಲ್ ಲಿಪಿಯನ್ನು ಕಲಿಸಲು ಮನೋರಮಾ ನಿಂತರು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಕೇಡಗಾಂವದ ಇನ್ನೊಂದು ಮನೆ. ಅದರ ಹೆಸರು ಕೃಪಾ ಸದನ. ಸಮಾಜವು 'ಬಿದ್ದವರು' ಎಂದು ಕರೆದ ಹೆಂಗಸರಿಗಾಗಿಯೇ ಕಟ್ಟಿದ್ದು. ಫುಲ್ಹಮಿನಲ್ಲಿ ಕಂಡುದಕ್ಕೆ ರಮಾಬಾಯಿ ಕೊಟ್ಟ ಉತ್ತರವದು. ಅದನ್ನು ಅವರು ಇಟ್ಟಿಗೆ ಗಾರೆಗಳಲ್ಲಿ ಕೊಟ್ಟರು. ಇನ್ನೊಂದು ವಿಚಾರ: ದೀಕ್ಷೆಯಾದ ಎಂಟು ವರ್ಷಗಳವರೆಗೆ ತಮಗೆ ಕ್ರೈಸ್ತಧರ್ಮ ದೊರಕಿತ್ತೇ ಹೊರತು ಕ್ರಿಸ್ತನು ದೊರಕಿರಲಿಲ್ಲವೆಂದು ಅವರು ಒಪ್ಪಿಕೊಂಡಿದ್ದಾರೆ. ಪರರ ಹೃದಯ ತಡವಾಗಿ ಬದಲಾದರೆ ಸಹಿಸುವ ಶಕ್ತಿ ಅವರಿಗೆ ಬಂದುದು ತಮ್ಮ ಹೃದಯ ಎಷ್ಟು ನಿಧಾನವೆಂದು ಕಂಡುಕೊಂಡುದರಿಂದಲೇ ಇರಬೇಕು.

ಕಲಬುರಗಿಗೆ ಬಂದ ಮಗಳು

1912ರಲ್ಲಿ ರಮಾಬಾಯಿ ಕಲಬುರಗಿಯಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ತೆರೆದರು. ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ವಿದ್ಯೆ ಆಗ ಬಹಳ ಹಿಂದೆ ಬಿದ್ದಿತ್ತು. ಶಾಲೆಯ ಮುಖ್ಯಸ್ಥೆಯಾಗಿ ಬಂದವರು ಮನೋರಮಾ. ಗಂಗಾಮೂಲದಿಂದ ಹೊರಟ ಒಂದು ಕುಟುಂಬ ಭಾರತವನ್ನೆಲ್ಲ ನಡೆದು, ಎರಡು ಸಾಗರಗಳನ್ನು ದಾಟಿ, ಮತ್ತೆ ಕನ್ನಡದ ನೆಲಕ್ಕೆ ಬಂದುದು ಹೀಗೆ.

ಆ ತಾಯಿ ಮಗಳಿಗೆ ದೀರ್ಘಾಯುಷ್ಯವಿರಲಿಲ್ಲ. ಮನೋರಮಾ 1921ರಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ರಮಾಬಾಯಿ ಹೋದರು. ಓದು ಬಾರದ ಹೆಂಗಸರಿಗೂ ಅರ್ಥವಾಗುವಂಥ ಸರಳ ಮರಾಠಿಯಲ್ಲಿ, ಹೀಬ್ರೂ ಗ್ರೀಕ್ ಮೂಲಗಳನ್ನು ನೋಡಿ, ಅವರು ಮಾಡಿದ ಬೈಬಲಿನ ಭಾಷಾಂತರ 1924ರಲ್ಲಿ ಹೊರಬಂದಿತು. ವಿದ್ವತ್ಸಭೆಗಳನ್ನು ಬೆರಗುಗೊಳಿಸಿದ ಪಾಂಡಿತ್ಯದ ಕಡೆಯ ಉಪಯೋಗ ಅಡುಗೆಮನೆಯ ಹೆಂಗಸಿಗೆ ತಿಳಿಯುವ ಮಾತನ್ನು ಹುಡುಕುವುದಾಯಿತು.

ನಮ್ಮ ಸೇಡಂ ತಾಲ್ಲೂಕಿನಲ್ಲಿಯೇ, ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ. ರಾಷ್ಟ್ರಕೂಟರ ಮಾನ್ಯಖೇಟವದು. ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದೆ ಅಲ್ಲಿಯ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ', ಪರರ ವಿಚಾರವನ್ನೂ ಧರ್ಮವನ್ನೂ ತಾಳಿಕೊಳ್ಳಬಲ್ಲ ಶಕ್ತಿಯೇ ನಿಜವಾದ ಹೊನ್ನೆಂಬ ಭಾವವನ್ನು ಕನ್ನಡಿಗರಿಗೆ ಬಿಟ್ಟುಹೋಯಿತು. ತರಗತಿಯಲ್ಲಿ ಆ ಪದ್ಯವನ್ನು ಪಾಠ ಮಾಡುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಟ್ಟಲುಗಳು ಇಂದಿಗೂ ಮನೆಯ ಕಪಾಟಿನಲ್ಲಿವೆ. ಎದುರಾಳಿಯ ಬಾಯಿ ಮುಚ್ಚಿಸಿದ್ದು ಎಷ್ಟು ಸಲವೋ! ಆದರೆ ಅವರಲ್ಲಿ ಒಬ್ಬರಾದರೂ ನನ್ನ ಮಾತಿನಿಂದ ಮನಸ್ಸು ಬದಲಿಸಿದರೇ ಎಂದು ಕೇಳಿಕೊಂಡರೆ ಉತ್ತರವಿಲ್ಲ. ನನ್ನೊಡನೆ ಮಾತು ಬಿಟ್ಟವರು ಮಾತ್ರ ಇದ್ದಾರೆ.

ಗೂಡಿನ ಗಿಂಡಿ

ಅಜ್ಜಿಯ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೆ.

ದಾದಿ ಬರಲಾರಂಭಿಸಿ ಐದು ತಿಂಗಳಾಗಿರಬೇಕು. ಶ್ರಾವಣದ ಮಳೆ ಹೋಗಿ, ತೊಗರಿಯ ರಾಶಿ ಮುಗಿದು, ಬಿಸಿಲು ಏರಿತ್ತು. ನಮ್ಮ ಸೀಮೆಯ ಬಿಸಿಲನ್ನು ಬಲ್ಲವರೇ ಬಲ್ಲರು. ಕಲ್ಲಿನ ಮಾಳಿಗೆ ಕಾದು ಬಾಣಲೆಯಾಗುತ್ತದೆ. ಆ ದಿನ ಬಸ್ಸು ಕೆಟ್ಟು ದಾರಿಯಲ್ಲಿಯೇ ನಿಂತುಬಿಟ್ಟಿತಂತೆ. ದಾದಿ ನಡುಹಗಲಲ್ಲಿ ಬಹಳ ದೂರ ನಡೆದು ಬಂದರು. ಇಂದು ಬರುವುದಿಲ್ಲವೆಂದು ನಾವೆಲ್ಲ ಎಣಿಸಿದ್ದೆವು. ಆಕೆ ಬಂದು, ಎಂದಿನಂತೆ ಕೈ ತೊಳೆದು, ಅಜ್ಜಿಯ ಕಾಲನ್ನು ತಮ್ಮ ಮಡಿಲಿನ ಮೇಲೆ ಎತ್ತಿಟ್ಟುಕೊಂಡು ಪಟ್ಟಿ ಬಿಚ್ಚತೊಡಗಿದರು. ಹಣೆಯ ಬೆವರು ಮೂಗಿನ ತುದಿಗೆ ಇಳಿಯುತ್ತಿತ್ತು. ಎರಡೂ ಕೈಗಳು ಗಾಯದ ಮೇಲಿದ್ದುದರಿಂದ ಆಕೆ ಅದನ್ನು ಒರೆಸಿಕೊಳ್ಳಲಿಲ್ಲ.

ಅಜ್ಜಿ ಬಹಳ ಹೊತ್ತು ಆ ಮುಖವನ್ನೇ ನೋಡಿದಳು. ಆಮೇಲೆ ತನ್ನ ಸೆರಗಿನ ತುದಿಯಿಂದ ಆಕೆಯ ಹಣೆಯನ್ನು ಒರೆಸಿದಳು. ನನ್ನ ಕಡೆಗೆ ತಿರುಗಿ, "ತಮ್ಮಾ, ಒಳಗಿಂದ ನೀರ್ ತಾ" ಎಂದಳು. ನಾನು ರೂಢಿಯಂತೆ ಗೂಡಿನ ಗಿಂಡಿಗೆ ಕೈಹಾಕಿದೆ.

"ಅದು ಬ್ಯಾಡ. ನನ್ನ ಚರಿಗಿ ತಾ."

ಅಷ್ಟೇ. ಯಾರೂ ಏನೂ ಹೇಳಲಿಲ್ಲ. ದಾದಿ ನೀರು ಕುಡಿದು ಚರಿಗೆಯನ್ನು ತೊಳೆಯಲು ಏಳಹೋದಾಗ ಅಜ್ಜಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ತನ್ನ ಮಗ್ಗುಲಲ್ಲಿಟ್ಟುಕೊಂಡಳು. ಸಂಜೆ ತಂದೆಯವರು ಶಾಲೆಯಿಂದ ಬಂದಾಗ ನಾನು ಓಡಿಹೋಗಿ ಸುದ್ದಿ ಹೇಳಿದೆ. ಅವರು ಅಜ್ಜಿಯ ಮುಂದೆ ಕುಳಿತು, "ನಾ ಹೇಳಿದ್ದು ಈಗರೆ ತಿಳೀತೇನು?" ಎಂದರು. ಅಜ್ಜಿಗೆ ಸಿಟ್ಟೇ ಬಂದಿತು. "ನೀ ಹೇಳಿದ್ದು ಏನೂ ತಿಳಿದಿಲ್ಲ. ಆಕಿ ಬಂದಳು" ಎಂದಳು.

ಅಜ್ಜಿ ತನ್ನ ಲಿಂಗಪೂಜೆಯನ್ನು ಬಿಡಲಿಲ್ಲ. ದಾದಿಯೂ ತಮ್ಮ ಭಾನುವಾರದ ದೇವಾಲಯವನ್ನು ಬಿಡಲಿಲ್ಲ. ಒಬ್ಬರ ದೇವರ ವಿಷಯವನ್ನು ಇನ್ನೊಬ್ಬರು ಕೇಳಿದುದನ್ನು ನಾನು ಕಾಣೆ. ಆದರೆ ಅಜ್ಜಿಯ ಮನಸ್ಸು ಆ ಒಂದು ಚರಿಗೆಯಷ್ಟು ದೊಡ್ಡದಾಯಿತು, ಮತ್ತೆ ಚಿಕ್ಕದಾಗಲಿಲ್ಲ. ಆಕೆ ತೀರಿಕೊಂಡ ದಿನ ದಾದಿ ಸೇಡಮಿನಿಂದ ಬಂದು, ನಮ್ಮ ಮನೆಯ ಹೆಂಗಸರ ನಡುವೆ ಕುಳಿತು ಅತ್ತರು. ಹೊರಗೆ ಕುಳಿತುಕೊ ಎಂದು ಯಾರೂ ಹೇಳಲಿಲ್ಲ.

ಬಾವಿಯ ಬಳಿಯ ಕಥೆಯನ್ನು ನಾನು ಓದಿದ್ದು ಇದೆಲ್ಲ ನಡೆದು ಎಷ್ಟೋ ವರ್ಷಗಳಾದ ಮೇಲೆ, ರಮಾಬಾಯಿಯ ಬಾಳನ್ನು ಓದುವಾಗ. ಆ ಕಥೆಯನ್ನು ನಮ್ಮ ದಾದಿ ಎಳವೆಯಿಂದಲೂ ಕೇಳಿದ್ದಿರಬೇಕು. ಐದು ತಿಂಗಳಲ್ಲಿ ಒಂದು ದಿನವೂ ಆಕೆ ಅದನ್ನು ಅಜ್ಜಿಗೆ ಹೇಳಲಿಲ್ಲ.

ಗೂಡಿನ ಗಿಂಡಿ ಏನಾಯಿತೆಂದು ತಾಯಿಯವರನ್ನು ಈಚೆಗೆ ಕೇಳಿದೆ. ಅಜ್ಜಿಯೇ ಅದನ್ನು ತುಳಸಿಯ ಗಿಡಕ್ಕೆ ನೀರು ಹಾಕಲು ಇಟ್ಟುಕೊಂಡಿದ್ದಳಂತೆ.